ಗಾಡಿ ಯಾರ ಹತೋಟಿಯಲ್ಲಿದೆ?

ಟೆಕ್ಸಸ್ ರಾಜ್ಯದ ಕಾನೂನಿನ ಕಣ್ಣಿಗೆ ಕಾರೆಂದರೆ ಮನೆಯದೇ ಇನ್ನೊಂದು ಕೋಣೆ. ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ; ಆ ಮನೆಯ ಮುಂದಿನಿಂದ ಹೊರಟು ಹೆದ್ದಾರಿ ಸೇರುವ ಕಾರಿನಲ್ಲಿ ಇಟ್ಟುಕೊಳ್ಳಲೂ ಬೇಡ. ಷರತ್ತುಗಳಿವೆ. ಗಾಡಿ ಸ್ವಂತದ್ದಾಗಿರಬೇಕು, ಇಲ್ಲವೇ ತನ್ನ ಹತೋಟಿಯಲ್ಲಿರಬೇಕು. ಪಿಸ್ತೂಲು ಹೊರಗಿನವರ ಕಣ್ಣಿಗೆ ಬೀಳಬಾರದು, ಬೀಳುವಂತಿದ್ದರೆ ಒರೆಯೊಳಗಿರಬೇಕು. ಸಣ್ಣಪುಟ್ಟ ಸಂಚಾರ ತಪ್ಪುಗಳನ್ನು ಬಿಟ್ಟು ಬೇರೆ ಅಪರಾಧದಲ್ಲಿ ತೊಡಗಿರಬಾರದು. ಬಂದೂಕು ಹೊಂದಬಾರದೆಂದು ಕಾನೂನು ಹೇಳಿದವರ ಪಟ್ಟಿಯಲ್ಲಿ ಇರಬಾರದು. ಈ ಕೊನೆಯ ಷರತ್ತನ್ನು ನಾನು ಐದು ವರ್ಷದಿಂದ ಚೆನ್ನಾಗಿ ಬಲ್ಲೆ. ಏಕೆಂದರೆ ಆ ಪಟ್ಟಿಯಲ್ಲಿ ನಾನಿದ್ದೇನೆ.

ನಾನಿಲ್ಲಿಗೆ ಬಂದದ್ದು ಕಾನೂನು ಓದಲಿಕ್ಕಲ್ಲ, ಭಾಷಾವಿಜ್ಞಾನ ಓದಲಿಕ್ಕೆ. 1840ರ ದಶಕದಲ್ಲಿ ಜರ್ಮನಿಯಿಂದ ಬಂದವರು ಟೆಕ್ಸಸ್‌ನ ಬೆಟ್ಟಸೀಮೆಯಲ್ಲಿ ನ್ಯೂ ಬ್ರೌನ್‌ಫೆಲ್ಸ್, ಫ್ರೆಡರಿಕ್ಸ್‌ಬರ್ಗ್ ಮುಂತಾದ ಊರುಗಳನ್ನು ಕಟ್ಟಿದರು. ಅವರ ಜೊತೆ ಬಂದ ಜರ್ಮನ್ ಇಲ್ಲಿನ ಮಣ್ಣಿನಲ್ಲಿ ಬೇರೆಯೇ ಆಗಿ ಬೆಳೆಯಿತು. ಈಗ ಅದನ್ನಾಡುವವರು ಹೆಚ್ಚಾಗಿ ಮುದುಕರು. ಅವರ ಮಾತು ಮುಗಿಯುವ ಮೊದಲು ದಾಖಲಿಸಿಕೊಳ್ಳುವುದು ನನ್ನಂಥವರ ಕೆಲಸ. ಆ ಊರುಗಳಿಗೆ ಹೋಗಬೇಕೆಂದರೆ ಗಾಡಿ ಬೇಕು. ಸಂಶೋಧನಾ ವಿದ್ಯಾರ್ಥಿಯ ಭತ್ಯೆಯಲ್ಲಿ ಸ್ವಂತ ಗಾಡಿ ಇಡುವುದು ಕಷ್ಟ. ಹಾಗಾಗಿ ನಾನು ಯಾವಾಗಲೂ ಇನ್ನೊಬ್ಬರ ಗಾಡಿಯಲ್ಲಿ ಕುಳಿತವಳು.

ಪದಗಳ ಹಿಂದೆ ಹೋಗುವ ಚಟದವಳಾದ್ದರಿಂದ ಇಲ್ಲಿನ ಬಂದೂಕಿನ ಕಾನೂನಿನಲ್ಲೂ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಪದ: ಪ್ರಯಾಣಿಕ. 1871ರಲ್ಲಿ ಟೆಕ್ಸಸ್ ಸರ್ಕಾರ ಸಾರ್ವಜನಿಕವಾಗಿ ಪಿಸ್ತೂಲು ಹೊತ್ತು ತಿರುಗುವುದನ್ನು ನಿಷೇಧಿಸಿತು. ಸಿನಿಮಾಗಳಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿ ಕುದುರೆ ಏರುವ ಟೆಕ್ಸಸ್ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಆ ಕಾನೂನಿನಲ್ಲಿ ಒಂದು ಕಿಂಡಿ ಇತ್ತು. ಪ್ರಯಾಣ ಮಾಡುತ್ತಿರುವವರು ತಮ್ಮ ಗಂಟುಮೂಟೆಯ ಜೊತೆ ಆಯುಧ ಒಯ್ಯಬಹುದಿತ್ತು. ದಾರಿ ದೂರ, ಕಾಡು, ಕಳ್ಳಕಾಕರ ಭಯ. ಕಾರಣ ಅರ್ಥವಾಗುವಂಥದ್ದೇ.

ಆದರೆ ಪ್ರಯಾಣಿಕ ಎಂದರೆ ಯಾರು? ಅದನ್ನು ಕಾನೂನು ಬಿಡಿಸಿ ಹೇಳಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ನ್ಯಾಯಾಲಯಗಳಲ್ಲಿ ಇದರ ಮೇಲೆ ಜಗ್ಗಾಟ ನಡೆಯಿತು. ಎಷ್ಟು ಮೈಲಿ ಹೋದರೆ ಪ್ರಯಾಣ? ಕೌಂಟಿಯ ಗಡಿ ದಾಟಬೇಕೆ? ರಾತ್ರಿ ಎಲ್ಲಾದರೂ ತಂಗಬೇಕೆ? ನಡುವೆ ಗೆಳೆಯನ ಮನೆಗೆ ಹೊಕ್ಕು ಬಂದರೆ ಪ್ರಯಾಣ ಮುರಿಯುತ್ತದೆಯೆ? ಕುದುರೆ ಹೋಗಿ ಕಾರು ಬಂತು, ಎರಡು ದಿನದ ದಾರಿ ಎರಡು ಗಂಟೆಯದಾಯಿತು, ಪದ ಮಾತ್ರ ಅಲ್ಲೇ ಉಳಿಯಿತು. ಕೊನೆಗೆ 2005ರಲ್ಲಿ ಶಾಸನಸಭೆ ಒಂದು ಉಪಾಯ ಮಾಡಿತು: ಖಾಸಗಿ ಗಾಡಿಯಲ್ಲಿ ಪಿಸ್ತೂಲನ್ನು ಕಾಣದಂತೆ ಇಟ್ಟುಕೊಂಡು, ಬೇರೆ ಅಪರಾಧ ಮಾಡದೆ ಹೋಗುತ್ತಿರುವವರನ್ನು ಪ್ರಯಾಣಿಕರೆಂದೇ ಭಾವಿಸತಕ್ಕದ್ದು. ಆದರೂ ಕೆಲವು ಕೌಂಟಿಗಳ ಸರ್ಕಾರಿ ವಕೀಲರು ಹಳೆಯ ಹಾಗೆಯೇ ಬಂಧಿಸಿ, ಪ್ರಯಾಣಿಕರೋ ಅಲ್ಲವೋ ನ್ಯಾಯಾಲಯವೇ ಹೇಳಲಿ ಎಂದರು. ಅದಕ್ಕೆ ಉತ್ತರವಾಗಿ 2007ರ ಸೆಪ್ಟೆಂಬರ್ 1ರಿಂದ ಹೊಸ ಕಾನೂನು ಬಂತು. ಅದು ಪ್ರಯಾಣಿಕನ ಗೋಜಿಗೇ ಹೋಗಲಿಲ್ಲ. ಗಾಡಿ ನಿನ್ನದೆ, ಇಲ್ಲವೇ ನಿನ್ನ ಹತೋಟಿಯಲ್ಲಿದೆಯೆ ಎಂದಷ್ಟೇ ಕೇಳಿತು. 2021ರಲ್ಲಿ, ನಿಷೇಧದ ಪಟ್ಟಿಯಲ್ಲಿಲ್ಲದ 21 ವರ್ಷ ತುಂಬಿದವರು ಲೈಸೆನ್ಸ್ ಇಲ್ಲದೆಯೇ ಬೀದಿಯಲ್ಲೂ ಪಿಸ್ತೂಲು ಹೊರಬಹುದೆಂದಾಯಿತು. ಕಾರಿನಲ್ಲಿ ಶುರುವಾದ ಸಲಿಗೆ ಕಾರಿನ ಬಾಗಿಲು ತೆಗೆದು ಹೊರಗಿಳಿಯಿತು.

ಇದನ್ನೆಲ್ಲ ಓದುವಾಗ ನಾನು ಬೆಚ್ಚಿಬೀಳಬೇಕಿತ್ತು. ಬೀಳಲಿಲ್ಲ. ಏಕೆಂದರೆ ನಾನು ಕೊಡಗಿನವಳು. ನಮ್ಮ ಐನ್‌ಮನೆಯಲ್ಲಿ ಕೋವಿ ಎಂದರೆ ಅಟ್ಟದ ಮೇಲಿನ ಗುಟ್ಟಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಬೆಟ್ಟದ ಆಚೆ ಇದ್ದವರಿಗೆ ಸುದ್ದಿ ಮುಟ್ಟುತ್ತಿದ್ದದ್ದೇ ಹಾಗೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ಸಾಲಾಗಿ ನಿಲ್ಲಿಸಿ, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಮಳೆಗಾಲದಲ್ಲಿ ಬೇಲಿಯಂಚಿನಲ್ಲಿ ಅರಳುವ, ಬೆಂಕಿಯ ನಾಲಗೆಯಂಥ ಎಸಳಿನ ಹೂವದು. ಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ. ಅಜ್ಜ ನನ್ನ ಭುಜಕ್ಕೆ ಕೋವಿಯ ಹಿಡಿ ಒತ್ತಿ ಹಿಡಿದು, ‘ಉಸಿರು ಬಿಟ್ಟು ಆಮೇಲೆ’ ಎಂದಿದ್ದು ಇನ್ನೂ ಕಿವಿಯಲ್ಲಿದೆ.

ನಮ್ಮ ಕೋವಿಗೂ ಒಂದು ಕಾನೂನಿನ ಕಥೆ ಇದೆ. 1861ರಲ್ಲಿ ಬ್ರಿಟಿಷರು ಸುತ್ತಲಿನವರ ಆಯುಧ ಕಿತ್ತುಕೊಳ್ಳುವಾಗ ಕೊಡವರಿಗೆ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲೂ ಅದು ಮುಂದುವರಿಯಿತು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಹುಟ್ಟಿನ ಆಧಾರದ ಮೇಲೆ ಕೊಟ್ಟ ಈ ವಿನಾಯಿತಿ ಸಮಾನತೆಗೆ ವಿರುದ್ಧ ಎಂದು ವಾದ ಎದ್ದಾಗ ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ವಿಸ್ತರಣೆ 2029ರವರೆಗೆ ಇದೆ. ನನ್ನ ಆಸಕ್ತಿಯಿರುವುದು 1963ರ ಅಧಿಸೂಚನೆಯ ಒಂದು ಸಾಲಿನ ಮೇಲೆ. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಒಂದು ರೈಫಲ್ ಮತ್ತು 100 ಗುಂಡು, ಒಂದು ಸಾದಾ ನಳಿಗೆಯ ಕೋವಿ ಮತ್ತು 500 ಗುಂಡು, ಇದಕ್ಕಿಂತ ಹೆಚ್ಚು ಒಯ್ಯುವಂತಿಲ್ಲ ಎನ್ನುತ್ತದೆ ಅದು. ಟೆಕ್ಸಸ್‌ನಲ್ಲಿ ಪ್ರಯಾಣಿಕನಿಗೆ ಹೆಚ್ಚು ಸಲಿಗೆ. ಕೊಡಗಿನ ವಿನಾಯಿತಿಯಲ್ಲಿ ಪ್ರಯಾಣಿಕನಿಗೆ ಮಿತಿ. ಕಾನೂನು ಬರೆಯುವವರಿಗೆ ಎಲ್ಲಿಯೂ ತಲೆನೋವು ತರುವುದು ಮನೆಯಲ್ಲಿ ಕೂತ ಬಂದೂಕಿಗಿಂತ ದಾರಿಯಲ್ಲಿರುವ ಬಂದೂಕೇ.

ಇಂಥ ಮನೆಯಿಂದ ಬಂದವಳು ನಾನು, ಅಮೆರಿಕದಲ್ಲಿ ಕಾಲಿಟ್ಟ ದಿನದಿಂದ ಬಂದೂಕು ಮುಟ್ಟಬಾರದವಳಾದೆ. 1998ರಲ್ಲಿ ಇಲ್ಲಿನ ಕೇಂದ್ರ ಕಾನೂನಿಗೆ ಒಂದು ತಿದ್ದುಪಡಿ ಸೇರಿತು. ವಿದ್ಯಾರ್ಥಿ ವೀಸಾ ಸೇರಿದಂತೆ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. 2022ರ ನಂತರ ಇದಕ್ಕೆ ಶಿಕ್ಷೆ ಗರಿಷ್ಠ 15 ವರ್ಷ. ಒಂದು ತಮಾಷೆಯ ವಿನಾಯಿತಿಯೂ ಇದೆ: ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ಆ ಲೈಸೆನ್ಸು ಇಲ್ಲಿ ಟೆಂಟು, ಗಾಳ ಮಾರುವ ಅಂಗಡಿಯ ಗಲ್ಲದಲ್ಲೂ ಸಿಗುತ್ತದೆ. ನಾನು ಕೊಳ್ಳಲಿಲ್ಲ. ಬೇಟೆಯಾಡದ ನಾನು ಬೇಟೆಗಾರ್ತಿಯ ಚೀಟಿ ಇಟ್ಟುಕೊಂಡು ತಿರುಗುವುದು ನನಗೆ ಒಗ್ಗಲಿಲ್ಲ.

‘ಹೊಂದುವುದು’ ಎಂಬ ಮಾತನ್ನು ನಾವು ಕೈಯಲ್ಲಿ ಹಿಡಿಯುವುದು ಎಂದು ತಿಳಿಯುತ್ತೇವೆ. ನಮ್ಮ ಕಂದಾಯ ಕಚೇರಿಗಳ ಭಾಷೆಯಲ್ಲಿ ಸ್ವಾಧೀನ ಎಂಬ ಪದವಿದೆಯಲ್ಲ, ಅದು ಹತ್ತಿರ. ಗದ್ದೆಯ ಮೇಲೆ ನಿಂತಿರದಿದ್ದರೂ ಗದ್ದೆ ನಮ್ಮ ಸ್ವಾಧೀನದಲ್ಲಿರಬಹುದು. ಅಮೆರಿಕದ ನ್ಯಾಯಾಲಯಗಳೂ ಹಾಗೆಯೇ ಹೇಳುತ್ತವೆ: ವಸ್ತುವನ್ನು ಮುಟ್ಟದಿದ್ದರೂ, ಅದರ ಮೇಲೆ ಹತೋಟಿ ನಡೆಸುವ ಶಕ್ತಿ ಮತ್ತು ಉದ್ದೇಶ ಎರಡೂ ಇದ್ದರೆ ಅದು ಸ್ವಾಧೀನವೇ. ಇಲ್ಲಿ ನಾನು ತಡೆದು ನಿಂತೆ. ಟೆಕ್ಸಸ್‌ನ ಕಾನೂನಿನಲ್ಲಿ ಗಾಡಿ ತನ್ನ ಹತೋಟಿಯಲ್ಲಿರುವುದು ಒಂದು ಹಕ್ಕಿನ ಆಧಾರ. ಕೇಂದ್ರದ ಕಾನೂನಿನಲ್ಲಿ ನನ್ನಂಥವರ ಮಟ್ಟಿಗೆ ಅದೇ ಹತೋಟಿ ಅಪರಾಧಕ್ಕೆ ಪುರಾವೆಯಾಗಬಲ್ಲದು. ಸ್ಟಿಯರಿಂಗ್ ಒಂದೇ, ಪಿಸ್ತೂಲು ಒಂದೇ, ಪದವೂ ಒಂದೇ. ಹಿಂದೆ ಕೂತವರು ಯಾರು ಎಂಬುದರ ಮೇಲೆ ಅರ್ಥ ತಿರುಗುತ್ತದೆ.

ಅರಿವಿನ ಪ್ರಶ್ನೆಯೂ ಇದೆ. ಯುಎಇಯಿಂದ ಫ್ಲಾರಿಡಾಕ್ಕೆ ಓದಲು ಬಂದ ರೆಹೈಫ್ ಎಂಬ ವಿದ್ಯಾರ್ಥಿಯನ್ನು ಅಂಕ ಕಡಿಮೆಯಾಗಿ ವಿಶ್ವವಿದ್ಯಾಲಯ ಹೊರಹಾಕಿತು. ಅಲ್ಲಿಗೆ ಅವನ ವೀಸಾ ಸ್ಥಾನಮಾನವೂ ಹೋಯಿತು. ಅವನು ಗುರಿ ಅಭ್ಯಾಸದ ಜಾಗಕ್ಕೆ ಹೋಗಿ ಗುಂಡು ಹಾರಿಸಿದ. ಕೆಳ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಬಂದೂಕು ತನ್ನ ಸ್ವಾಧೀನದಲ್ಲಿತ್ತೆಂದು ಅವನಿಗೆ ಗೊತ್ತಿದ್ದರೆ ಸಾಲದು, ತಾನು ನಿಷೇಧಿತರ ಸಾಲಿಗೆ ಸೇರಿದವನೆಂದೂ ಗೊತ್ತಿತ್ತೆಂದು ಸರ್ಕಾರ ತೋರಿಸಬೇಕು ಎಂದಿತು. ಓದಿ ಸಮಾಧಾನವಾಗಬೇಕಿತ್ತು. ಆದರೆ ನನ್ನ ವೀಸಾ ಯಾವುದೆಂದು ನನಗೆ ಗೊತ್ತಿಲ್ಲದ ಕ್ಷಣವೇ ಇಲ್ಲ. ಮನೆ ಬಾಡಿಗೆ, ಬ್ಯಾಂಕು, ಡ್ರೈವಿಂಗ್ ಲೈಸೆನ್ಸು, ಎಲ್ಲ ಕಡೆಯೂ ಅದನ್ನು ಬರೆಯುತ್ತಲೇ ಇರುತ್ತೇನೆ. ಇನ್ನು ಉಳಿದದ್ದು ಬಂದೂಕಿನ ಅರಿವು ಮಾತ್ರ.

ಆ ಅರಿವು ಬಂದದ್ದು ಮೂರನೆಯ ವರ್ಷದ ಜೂನ್ ತಿಂಗಳಲ್ಲಿ, 290ನೇ ಹೆದ್ದಾರಿಯ ಬದಿಯಲ್ಲಿ. ನಾನು ಮತ್ತು ನಮ್ಮ ವಿಭಾಗದ ಗೆಳೆಯನೊಬ್ಬ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಒಬ್ಬ ಅಜ್ಜಿಯ ಮಾತು ದಾಖಲಿಸಿಕೊಂಡು ಅವನ ಪಿಕಪ್ ಟ್ರಕ್ಕಿನಲ್ಲಿ ವಾಪಸು ಬರುತ್ತಿದ್ದೆವು. ಸ್ಟೋನ್‌ವಾಲ್ ಹತ್ತಿರ ರಸ್ತೆಯುದ್ದಕ್ಕೂ ಪೀಚ್ ಹಣ್ಣಿನ ಗೂಡಂಗಡಿಗಳು. ಅಲ್ಲೊಂದರ ಮುಂದೆ ಅವನು ಗಾಡಿ ನಿಲ್ಲಿಸಿದ. ಮೈಗ್ರೇನ್ ಕಾಣಿಸಿಕೊಂಡಿತ್ತು, ಬೆಳಕಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕೀಲಿಕೈ ನನ್ನ ಕೈಗಿಟ್ಟು, ‘ನೀನು ಓಡಿಸು’ ಎಂದ. ಆಮೇಲೆ, ಕೊಡೆ ಎಲ್ಲಿದೆ ಎಂದು ಹೇಳುವಷ್ಟೇ ಸಹಜವಾಗಿ, ‘ಸೀಟುಗಳ ನಡುವಿನ ಡಬ್ಬಿಯಲ್ಲಿ ಪಿಸ್ತೂಲಿದೆ. ಚಾರ್ಜರ್ ತೆಗೆಯಲು ಹೋಗಿ ಗಾಬರಿ ಆಗಬೇಡ’ ಎಂದ.

ನಾನು ಕೀಲಿಕೈಯನ್ನು ಬಾನೆಟ್ ಮೇಲಿಟ್ಟೆ.

ಅವನಿಗೆ ಅರ್ಥವಾಗಲಿಲ್ಲ. ಕೈಲ್‌ಪೊಳ್ದಿನ ಫೋಟೋ ನೋಡಿ ‘ಹಾಗಾದರೆ ನೀನು ನಮಗಿಂತ ಹೆಚ್ಚು ಟೆಕ್ಸಸ್‌ನವಳು’ ಎಂದು ನಕ್ಕವನು ಅವನೇ. ‘ಪಿಸ್ತೂಲು ನನ್ನದು, ನಿನ್ನದಲ್ಲ. ಅದನ್ನು ಮುಟ್ಟು ಎಂದು ನಾನೆಲ್ಲಿ ಹೇಳಿದೆ?’ ಎಂದ. ನಾನು ವೀಸಾ, ಹತೋಟಿ, ಅರಿವು ಎಲ್ಲ ಹೇಳಿದೆ. ‘ಇಷ್ಟು ವರ್ಷದಲ್ಲಿ ನನ್ನನ್ನು ಪೊಲೀಸರು ನಿಲ್ಲಿಸಿದ್ದು ಎರಡೇ ಸಲ. ಯಾರು ನೋಡುತ್ತಾರೆ?’ ಎಂದ. ಯಾರೂ ನೋಡದಿರಬಹುದು. ಆದರೆ ಯಾರೂ ನೋಡುವುದಿಲ್ಲ ಎನ್ನುವ ಧೈರ್ಯ ಅವನ ಹುಟ್ಟಿನ ಜೊತೆ ಬಂದದ್ದು. ನನ್ನ ಮಟ್ಟಿಗೆ ಒಂದು ಹಿಂದಿನ ದೀಪ ಕೆಟ್ಟಿದ್ದರೆ ಸಾಕು. ಜೈಲಿನ ಮಾತು ಹಾಗಿರಲಿ, ಒಂದು ಬಂಧನ ವೀಸಾದ ಕಡತ ಸೇರಿದರೆ ಮೂರು ವರ್ಷದ ಕೆಲಸ, ಅಜ್ಜಿಯರ ಧ್ವನಿಗಳ ಇನ್ನೂರು ಗಂಟೆ, ಊರಿನಲ್ಲಿ ಅವ್ವ ಎಲ್ಲರಿಗೂ ಹೇಳಿಕೊಂಡ ‘ಡಾಕ್ಟರ್’ ಪದವಿ, ಎಲ್ಲ ಆ ಡಬ್ಬಿಯಲ್ಲಿತ್ತು. ‘ನಿನಗೆ ನನ್ನ ಮೇಲೆ ನಂಬಿಕೆ ಇಲ್ಲವಾ?’ ಎಂದು ಅವನು ಕೇಳಿದಾಗ ನೋವಾಯಿತು. ನಿನ್ನ ಮೇಲಿದೆ, ನನ್ನ ಸ್ಥಾನದ ಮೇಲಿಲ್ಲ ಎಂದೆ.

ಹಿಂದಿನ ಸೀಟಿನ ಕೆಳಗೆ ಗಾಡಿಗೇ ಬಿಗಿದ ಸಣ್ಣ ಉಕ್ಕಿನ ಪೆಟ್ಟಿಗೆಯೊಂದಿತ್ತು. ಅವನು ಪಿಸ್ತೂಲಿನ ಗುಂಡು ತೆಗೆದು ಎರಡನ್ನೂ ಅದರಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ತನ್ನ ಜೇಬಿಗೆ ಹಾಕಿಕೊಂಡ. ಅಷ್ಟು ಹೊತ್ತು ನಾನು ಪೀಚ್ ಕೊಳ್ಳುತ್ತಾ ಬೆನ್ನು ತಿರುಗಿಸಿ ನಿಂತಿದ್ದೆ. ಆಮೇಲೆ ಗಾಡಿ ಓಡಿಸಿದೆ. ಪೆಟ್ಟಿಗೆ ತೆರೆಯುವ ಶಕ್ತಿಯೂ ನನಗಿರಲಿಲ್ಲ, ಉದ್ದೇಶವಂತೂ ಇರಲೇ ಇಲ್ಲ.

ಜಾನ್ಸನ್ ಸಿಟಿ ಬರುವವರೆಗೂ ಅವನು ಮಾತಾಡಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡೇ ತನ್ನ ತಾಯಿಯ ಕಥೆ ಹೇಳಿದ. ಅವರು ನರ್ಸ್. ರಾತ್ರಿ ಪಾಳಿ ಮುಗಿಸಿ ಒಂಟಿ ರಸ್ತೆಯಲ್ಲಿ ಐವತ್ತು ಮೈಲಿ ಮನೆಗೆ ಬರಬೇಕು. ಸೀಟಿನ ಕೆಳಗೆ ಟವೆಲಿನಲ್ಲಿ ಸುತ್ತಿದ ರಿವಾಲ್ವರ್. ದಿನವೂ ಕೆಲಸಕ್ಕೆ ಹೋಗಿ ಬರುವುದು ಕಾನೂನಿನ ಅರ್ಥದಲ್ಲಿ ಪ್ರಯಾಣವಲ್ಲ. ಹಾಗಾಗಿ ಎಷ್ಟೋ ವರ್ಷ ಅವರು ದಿನವೂ ಎರಡು ಭಯ ಹೊತ್ತು ಓಡಿಸಿದರು: ದಾರಿಯಲ್ಲಿ ಯಾರಾದರೂ ಅಡ್ಡ ಹಾಕುವ ಭಯ, ಪೊಲೀಸರು ನಿಲ್ಲಿಸುವ ಭಯ. ‘2007ರ ಕಾನೂನು ನನ್ನಮ್ಮನಿಗೆ ಬಂದೂಕು ಕೊಡಲಿಲ್ಲ. ಒಂದು ಭಯ ಕಳೆಯಿತು ಅಷ್ಟೆ’ ಎಂದ. ಆ ಮಾತನ್ನು ನಾನು ತಳ್ಳಿಹಾಕಲಾರೆ. ಮಳೆಗಾಲದ ರಾತ್ರಿ ತೋಟದ ದಾರಿಯಲ್ಲಿ ಆನೆಗೆ ಹೆದರಿ ಕೋವಿ ಹಿಡಿದು ಹೋಗುವವರ ಮನೆಯಲ್ಲಿ ಬೆಳೆದವಳು ನಾನು.

ಆದರೆ ಕಾನೂನು ಕಳೆದ ಭಯ ಎಲ್ಲರ ಪಾಲಿಗೂ ಕಳೆಯಲಿಲ್ಲ. ನಾನು ಪಟ್ಟಿಯಲ್ಲಿರುವ ಪರದೇಶಿ, ಸರಿ. ಹಕ್ಕಿರುವ ನಾಗರಿಕರ ಕಥೆ ನೋಡಿ. 2013ರಲ್ಲಿ ಫಿಲಡೆಲ್ಫಿಯಾದ ಶನೀನ್ ಆಲೆನ್ ಎಂಬ, ಇಬ್ಬರು ಮಕ್ಕಳ ತಾಯಿ ತನ್ನ ಕಾರಿನಲ್ಲಿ ನ್ಯೂಜೆರ್ಸಿಗೆ ಹೋದರು. ಪೆನ್ಸಿಲ್ವೇನಿಯಾ ಕೊಟ್ಟ ಪಿಸ್ತೂಲಿನ ಪರವಾನಗಿ ಅವರಲ್ಲಿತ್ತು. ಸಂಚಾರ ತಪಾಸಣೆಗೆ ನಿಲ್ಲಿಸಿದ ಪೊಲೀಸರಿಗೆ ತಾವಾಗಿಯೇ ಪಿಸ್ತೂಲಿನ ವಿಷಯ ಹೇಳಿದರು. ಆ ಪರವಾನಗಿಗೆ ನದಿಯ ಆಚೆ ಬೆಲೆಯಿರಲಿಲ್ಲ. ಕನಿಷ್ಠ ಮೂರು ವರ್ಷದ ಸೆರೆವಾಸ ಎದುರಿಗೆ ನಿಂತಿತು. ಸುದ್ದಿ ದೇಶವೆಲ್ಲ ಹಬ್ಬಿತು. 2015ರಲ್ಲಿ ರಾಜ್ಯಪಾಲರು ಕ್ಷಮಾದಾನ ಕೊಟ್ಟರು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದೂಕು ಸಾಗಿಸುವವರಿಗೆ 1986ರಿಂದ ಕೇಂದ್ರದ ರಕ್ಷಣೆ ಇದೆ. ಅದಕ್ಕೆ ಪಿಸ್ತೂಲಿನಲ್ಲಿ ಗುಂಡಿರಬಾರದು, ಕೂತವರ ಕೈಗೆಟುಕಬಾರದು. ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಡ್ಯಾಶ್‌ಬೋರ್ಡಿನ ಖಾನೆ, ಸೀಟುಗಳ ನಡುವಿನ ಡಬ್ಬಿ ಲೆಕ್ಕಕ್ಕಿಲ್ಲ.

ಇನ್ನೊಂದು ಕಥೆಗೆ ಕ್ಷಮಾದಾನದ ದಾರಿಯೂ ಇರಲಿಲ್ಲ. 2016ರ ಜುಲೈ 6ರಂದು ಮಿನ್ನೆಸೋಟಾದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ 32 ವರ್ಷದ ಕಪ್ಪುವರ್ಣೀಯನ ಕಾರನ್ನು ಪೊಲೀಸ್ ಅಧಿಕಾರಿಯೊಬ್ಬ ನಿಲ್ಲಿಸಿದ. ಕ್ಯಾಸ್ಟೀಲ್ ಶಾಲೆಯೊಂದರಲ್ಲಿ ಮಕ್ಕಳ ಊಟ ನೋಡಿಕೊಳ್ಳುತ್ತಿದ್ದವರು. ಪರವಾನಗಿ ಇತ್ತು. ತನ್ನ ಬಳಿ ಬಂದೂಕಿದೆ ಎಂದು ಮರ್ಯಾದೆಯಿಂದ ತಿಳಿಸಿದರು. ಕೆಲವೇ ಸೆಕೆಂಡುಗಳಲ್ಲಿ ಏಳು ಗುಂಡು ಹಾರಿದವು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗುವಿತ್ತು. ಮರುವರ್ಷ ಅಧಿಕಾರಿ ನಿರ್ದೋಷಿಯೆಂದು ಬಿಡುಗಡೆಯಾದ. ನಿಯಮ ಪಾಲಿಸಿದವನಿಗೆ ನಿಯಮ ಏನು ಕೊಟ್ಟಿತು ಎಂಬ ಪ್ರಶ್ನೆಗೆ ಇಲ್ಲಿ ಯಾರೂ ನೆಟ್ಟಗೆ ಉತ್ತರ ಹೇಳಿದ್ದನ್ನು ನಾನು ಕೇಳಿಲ್ಲ. ಕಾರು ಮನೆಯ ಕೋಣೆ ಎಂಬ ಮಾತು, ಆ ಮನೆ ಯಾರದೆಂದು ಹೊರಗೆ ನಿಂತವರು ಒಪ್ಪಿದರೆ ಮಾತ್ರ ನಿಜ.

ಹಾಗೆಂದು ಬಂದೂಕು ಬೇಕೋ ಬೇಡವೋ ಎಂಬ ಜಗಳದಲ್ಲಿ ಒಂದು ಪಕ್ಷ ಸೇರಲು ನಾನು ಇದನ್ನು ಬರೆಯುತ್ತಿಲ್ಲ. ವಿನಾಯಿತಿ ಎಂಬುದನ್ನು ಎರಡೂ ಕಡೆಯಿಂದ ನೋಡುವ ಅವಕಾಶ ನನಗೆ ಸಿಕ್ಕಿದೆ. ಕೊಡಗಿನಲ್ಲಿ ಅದು ನನಗೆ ಹುಟ್ಟಿನಿಂದ ಬಂತು. ಪಕ್ಕದ ಲೈನ್‌ಮನೆಯಲ್ಲಿದ್ದ ತೋಟದ ಕೆಲಸದವರ ಮಕ್ಕಳಿಗೆ ಬರಲಿಲ್ಲ. ಅವರೂ ಅದೇ ಆನೆಯ ದಾರಿಯಲ್ಲೇ ಶಾಲೆಗೆ ಬರುತ್ತಿದ್ದರು. ಆಗ ನನಗದು ಕಾಣಲೇ ಇಲ್ಲ, ಗೆಳೆಯನಿಗೆ ನನ್ನ ಭಯ ಕಾಣದ ಹಾಗೆಯೇ. ಹಕ್ಕಿರುವವರಿಗೆ ಅದು ಗಾಳಿಯಂತೆ, ಇದೆಯೆಂದೇ ಗೊತ್ತಾಗುವುದಿಲ್ಲ. ಇಲ್ಲದವರು ಅದರ ಒಂದೊಂದು ಸಾಲನ್ನೂ ಬಾಯಿಪಾಠ ಮಾಡಬೇಕಾಗುತ್ತದೆ.

ಆ ಗೆಳೆಯನ ಜೊತೆ ಆಮೇಲೆಯೂ ಎಷ್ಟೋ ಸಲ ಬೆಟ್ಟಸೀಮೆಗೆ ಹೋಗಿದ್ದೇನೆ. ಹೊರಡುವ ಮುನ್ನ ಅವನು ರೆಕಾರ್ಡರ್, ಬ್ಯಾಟರಿ, ಒಪ್ಪಿಗೆ ಪತ್ರ ಎಂದು ಪಟ್ಟಿ ಓದುತ್ತಾ ಕೊನೆಗೆ ‘ಟ್ರಕ್ಕು ಖಾಲಿ’ ಎಂದು ಸೇರಿಸುತ್ತಾನೆ. ನಾನು ಕೇಳುವುದಿಲ್ಲ, ಅವನೇ ಹೇಳುತ್ತಾನೆ.

ಪ್ರತಿ ಆಗಸ್ಟ್‌ನಲ್ಲಿ ಇಲ್ಲಿಗೆ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲಿ ದಾವಣಗೆರೆಯವರು, ಪುತ್ತೂರಿನವರು, ಕಲಬುರಗಿಯವರು ಇರುತ್ತಾರೆ. ಅಕ್ಕಿ ಎಲ್ಲಿ ಸಿಗುತ್ತದೆ, ಸಿಮ್ ಯಾವುದು ಅಗ್ಗ ಎಂದು ಹೇಳುವಾಗಲೇ ನಾನು ಇದನ್ನೂ ಹೇಳುತ್ತೇನೆ: ಇನ್ನೊಬ್ಬರ ಗಾಡಿ ಓಡಿಸಲು ತಗೊಳ್ಳೋ ಮೊದಲು ಒಳಗೆ ಪಿಸ್ತೂಲು ಇದೆಯಾ ಅಂತ ಕೇಳಿ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ‘ಹಾಗೆ ಕೇಳಿದ್ರೆ ಅವರಿಗೆ ಬೇಜಾರಾಗಲ್ವಾ ಅಕ್ಕಾ?’ ಎಂದು ಕಳೆದ ವರ್ಷ ಒಬ್ಬ ಹುಡುಗ ಕೇಳಿದ. ಆಗಬಹುದು, ಒಂದು ನಿಮಿಷ ಆಗುತ್ತೆ ಎಂದೆ. ಆಮೇಲೆ ಅವನಿಂದ ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಎರಡು ಸಲ ಜೋರಾಗಿ ಹೇಳಿಸಿದೆ, ನಾಲಗೆಗೆ ಅಭ್ಯಾಸವಾಗಲಿ ಎಂದು.